ಕಿಕ್ಕಿಗೆ ಕಟ್ಟಿದ ಅರಿವೆ

ಸಮದನ ಮನೆಯಂಗಳದಲ್ಲಿ ನಿಂತಿದ್ದ ತನ್ನ ಬುಲೆಟ್‌ಗೆ ಕಿಕ್ ಹೊಡೆಯಲು ಕಾಲೆತ್ತಿದ ನಾಗಲಿಂಗ ಹಾಗೇ ನಿಂತುಬಿಟ್ಟ. ಕಿಕ್ಕಿಗೆ ಕೆಂಪು ಅರಿವೆ ಕಟ್ಟಿತ್ತು.

ತೀರಿಕೊಂಡ ಗೆಳೆಯ, ಮೆಕ್ಯಾನಿಕ್ ಸಮದನನ್ನು ಹೊತ್ತ ಟೆಂಪೋ ಆಗಲೇ ಶಿವಬಸವ ನಗರದ ತಿರುವು ದಾಟಿ ಖಾನಾಪುರದ ಕಡೆ ಹೊರಟಿತ್ತು. ಅದರಲ್ಲಿ ಕಾಲಿಡಲು ಜಾಗವಿರಲಿಲ್ಲ. "ಅಣ್ಣಾ, ನೀ ನಿನ್ನ ಬುಲೆಟ್ ಮ್ಯಾಲೆ ಬಾ. ನಮಾಜ್ ಆದಕೂಡ್ಲೆ ಮಣ್ಣು ಮಾಡ್ತೀವಿ," ಎಂದಿದ್ದ ಸಮದನ ತಮ್ಮ ಜುಲ್ಫಿಕಾರ.

ಆಗ ಸಮದನ ಹೆಂಡತಿ ರಾಜಬೀ ಬಾಗಿಲ ಪರದೆಯ ಹಿಂದಿನಿಂದ ಕರೆದಿದ್ದಳು. "ನಾಗಲಿಂಗಣ್ಣ, ನಾವು ಹೆಂಗಸ್ರು ಅಲ್ಲಿಗೆ ಬರಂಗಿಲ್ಲ. ನನ್ನ ಪಾಲಿನ ಒಂದು ಹಿಡಿ ಮಣ್ಣು ನೀವಽ ಹಾಕ್ರಿ."

"ಹಾಕ್ತೀನ್ರಿ ಭಾಬಿ."

ಅರಿವೆ ಸಮದನ ಗುರುತು: ಎಂಜಿನ್ ಪಕ್ಕದ ಚೈನ್ ಕೇಸಿನಲ್ಲಿ ಎಣ್ಣೆ ಇಲ್ಲ, ಗಾಡಿ ಚಾಲೂ ಮಾಡಬೇಡ. ಸಂಜೆ ಹಳೆ ಎಣ್ಣೆ ಇಳಿಸಿ, ರಾತ್ರಿಯೆಲ್ಲ ಸೋರಲು ಬಿಟ್ಟು, ಬೆಳಿಗ್ಗೆ ಹೊಸದು ಹಾಕುವುದು ಅವನ ರೂಢಿ. ಈ ಸಲ ಬೆಳಿಗ್ಗೆ ಅವನೇ ಏಳಲಿಲ್ಲ.

ಗಂಟು ಬಿಚ್ಚಿದರೆ ಒಳಗೆ ಎರಡು ಸ್ಕ್ರೂ: ಎಣ್ಣೆ ಇಳಿಸುವ ಕೆಳಗಿನದು, ಮಟ್ಟ ನೋಡುವ ಪಕ್ಕದ್ದು.

*

"ನಾನೂ ಕಲೀತೀನಿ ತಡಿಯೋ," ಎಂದು ಒಮ್ಮೆ ನಾಗಲಿಂಗ ಹಟ ಹಿಡಿದಿದ್ದ.

"ಡೇರಿ ಕೆಲಸದಾಂವ ನೀ, ನಿನಗ್ಯಾಕೋ ಈ ಉಸಾಬರಿ? ನಾ ಇರೂತನಕ ಮುಟ್ಟಬ್ಯಾಡ. ಸುಮ್ನ ಕುಂತು ನೋಡು."

ಸಮದ ಎಣ್ಣೆ ಸುರಿದ. ಪಕ್ಕದ ಸಣ್ಣ ತೂತಿನಿಂದ ಅದು ಹೊರಗೆ ಇಳಿಯತೊಡಗಿತು. ತೂತು ಮುಚ್ಚಲು ಹೋದ ನಾಗಲಿಂಗನ ಕೈಮೇಲೆ ಫಟ್ಟನೆ ಹೊಡೆದ.

"ಏನ್ ಗಡಿಬಿಡಿ ಮಾರಾಯಾ ನಿಂದು! ಕಡಿಮಿ ಆದ್ರ ಚೈನ್ ಸುಡ್ತೈತಿ, ಹೆಚ್ಚಾದ್ರ ಕ್ಲಚ್ ಜಾರ್ತೈತಿ. ಹೆಚ್ಚಿಂದು ತಾನಽ ಸೋರಿ ನಿಲ್ಲಬೇಕು. ಅಲ್ಲೀತನಕ ಚಾ ಕುಡಿ."

*

ನಾಗಲಿಂಗ ಕೆಳಗಿನ ಸ್ಕ್ರೂ ಬಿಗಿದು, ಸಮದ ತಂದಿಟ್ಟಿದ್ದ ಡಬ್ಬಿಯಿಂದ ಎಣ್ಣೆ ಸುರಿದ. ಅರ್ಧದಷ್ಟು ಅವನ ಅಂಗೈ ಮೇಲೆಯೇ ಚೆಲ್ಲಿತು. ಪಕ್ಕದ ತೂತಿನಿಂದ ಹನಿ ಬೀಳತೊಡಗಿತು. ಟೆಂಪೋ ಈಗ ಎಲ್ಲಿರಬಹುದು? ಮಧ್ಯಾಹ್ನದ ಆಜಾನ್ ಕೇಳಿಸಿತು. ಸ್ಕ್ರೂ ಹಾಕಿ ಹೊರಟರೆ ಬೈಯುವವನು ಯಾರೂ ಇರಲಿಲ್ಲ, ಆದರೂ ಕೈ ಮುಂದೆ ಹೋಗಲಿಲ್ಲ. ಬೆಳಗಿನಿಂದ ಕಣ್ಣಲ್ಲಿ ಒಂದು ಹನಿ ನೀರು ಬಂದಿರಲಿಲ್ಲ. ಎಂಥ ಕಲ್ಲು ಮನುಷ್ಯ ನಾನು ಅನ್ನಿಸಿ ತನ್ನ ಮೇಲೇ ಅಸಹ್ಯವಾಯಿತು. ಹನಿ ನಿಂತ ಮೇಲೆಯೇ ಸ್ಕ್ರೂ ಬಿಗಿದು ಎದ್ದ.

ಖಾನಾಪುರದ ಖಬರಸ್ತಾನದಿಂದ ಜನ ಹೊರಗೆ ಬರುತ್ತಿದ್ದರು.

"ಎಲ್ಲಿದ್ದಿ ಅಣ್ಣಾ? ಎಲ್ಲಾ ಮುಗೀತಲ್ಲ," ಎಂದ ಜುಲ್ಫಿಕಾರ.

"ಎಣ್ಣಿ ನಿಲ್ಲಲಿಲ್ಲೋ."

ಜುಲ್ಫಿಕಾರ ಅವನ ಕೈ ನೋಡಿದ. ದಾರಿ ಬಿಟ್ಟ.

ಮುಚ್ಚಿದ ಗೋರಿಯ ಮೇಲೆ ನಾಗಲಿಂಗ ತನ್ನದೊಂದು ಹಿಡಿ ಹಾಕಿದ. ಆಮೇಲೆ ರಾಜಬೀಯದು. ಅದರಲ್ಲಿ ಒಂದಿಷ್ಟು ಬಿತ್ತು, ಒಂದಿಷ್ಟು ಎಣ್ಣೆಗೈಗೆ ಹತ್ತಿಕೊಂಡೇ ಉಳಿಯಿತು. ಅವನು ಕೈ ಝಾಡಿಸಲಿಲ್ಲ.

ಸಂಜೆ ಪರದೆಯ ಹಿಂದಿನಿಂದ ರಾಜಬೀ ಕೇಳಿದಳು, "ಹಾಕಿದ್ರೇನ್ರಿ?"

ನಾಗಲಿಂಗ ಪರದೆಯ ಸಂದಿಯಲ್ಲಿ ಮಣ್ಣು ಮೆತ್ತಿದ ಅಂಗೈ ಚಾಚಿದ.

ಪರದೆ ತುಸು ಸರಿಯಿತು.

"ಮಣ್ಣು ಕೆಂಪೈತಿ," ಎಂದಳು ರಾಜಬೀ.

"ಹೂಂನ್ರಿ. ಕೆಂಪೈತಿ."