ಎದುರು ಸೀಟಿನ ಕಥೆ

ರೈಲು ಸೇತುವೆ ದಾಟುವಷ್ಟರಲ್ಲಿ ಕೊನೆಯ ಸಾಲು ಮುಗಿಯಿತು. ತೊಡೆಯ ಮೇಲಿನ ಪುಟ್ಟ ಕೀಬೋರ್ಡಿನಿಂದ ಅವಳು ಕೈ ತೆಗೆದಳು. ಗಂಟೆ ಮೂರೂವರೆ. ನಾಲ್ಕರೊಳಗೆ ಪತ್ರಿಕೆಯ ಕಥಾಸ್ಪರ್ಧೆಗೆ ಕಳಿಸದಿದ್ದರೆ ಇನ್ನೊಂದು ವರ್ಷ ಕಾಯಬೇಕು. ಮೂವತ್ತು ವರ್ಷ ಕೋರ್ಟಿನಲ್ಲಿ ಊರವರ ಜಗಳವನ್ನೆಲ್ಲ ಟೈಪು ಮಾಡಿದವಳು ಮೊದಲ ಸಲ ತನ್ನದೇ ಮಾತು ಬರೆದಿದ್ದಳು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಯಜಮಾನರಿಗಂತೂ ಇಲ್ಲವೇ ಇಲ್ಲ. ಅವರು ನಕ್ಕುಬಿಟ್ಟರೆ ಮತ್ತೆಂದೂ ಬರೆಯಲಾರೆನೆಂಬ ಭಯ.

ಪಕ್ಕದಲ್ಲಿಟ್ಟಿದ್ದ ಟ್ಯಾಬ್ಲೆಟ್ ನೋಡಿದಳು. ಬೆಳಿಗ್ಗೆ ಬರೆದಷ್ಟೇ ಇತ್ತು, ಆಮೇಲಿನದು ಒಂದಕ್ಷರವೂ ಇಲ್ಲ. ಟೈಪು ಮಾಡುವಾಗ ಕಣ್ಣು ಕೈಯ ಮೇಲೂ ಇರಬಾರದು, ಹಾಳೆಯ ಮೇಲೂ ಇರಬಾರದು ಎಂದು ಕಲಿಸಿದ ಮೇಷ್ಟ್ರ ಮಾತು ಅವಳಿಗೆ ವೇದವಾಕ್ಯ. ಮುಕ್ಕಾಲು ಗಂಟೆ ಕಿಟಕಿಯಾಚೆ ನೋಡುತ್ತಲೇ ಕುಟ್ಟಿದ್ದಳು.

ಎದುರು ಸೀಟಿನಲ್ಲಿ ಯಜಮಾನರ ಟ್ಯಾಬ್ಲೆಟ್ ಟಿಣ್ ಟಿಣ್ ಅನ್ನತೊಡಗಿತು. ತೂಕಡಿಸುತ್ತಿದ್ದವರು ಕಣ್ಣುಜ್ಜಿಕೊಂಡರು.

"ಏನೇ ಇದು? ನಿದ್ದೇಲಿ ನಾನು ಏನೇನೋ ಬರೆದುಬಿಟ್ಟಿದೀನಲ್ಲ!"

ಆಗ ಹೊಳೆಯಿತು. ಊಟವಾದ ಮೇಲೆ ಅವರು ಇದೇ ಕೀಬೋರ್ಡ್ ಇಸಿದುಕೊಂಡು, ಎರಡನೇ ಗುಂಡಿ ಒತ್ತಿ ತಮ್ಮ ಟ್ಯಾಬ್ಲೆಟ್ಟಿಗೆ ಜೋಡಿಸಿ, ಫ್ಯಾಮಿಲಿ ಗ್ರೂಪಿಗೆ "ಅರ್ಧ ದಾರಿ ಬಂದ್ವಿ" ಎಂದು ಹಾಕಿದ್ದರು. ಮತ್ತೆ ತನ್ನ ಟ್ಯಾಬ್ಲೆಟ್ಟಿಗೆ ಜೋಡಿಸುವ ಒಂದನೇ ಗುಂಡಿ ಒತ್ತುವುದನ್ನು ಇವಳು ಮರೆತಿದ್ದಳು. ಪ್ಯಾರಾ ಮುಗಿದಾಗಲೆಲ್ಲ ಎಂಟರ್ ಒತ್ತಿದ್ದಳು. ಒತ್ತಿದಾಗಲೆಲ್ಲ ಕಥೆಯ ಒಂದೊಂದು ತುಂಡು ಅವರ ಹೆಸರಿನಲ್ಲಿ ಮೂವತ್ತೆರಡು ನೆಂಟರಿಗೆ ಹೋಗಿತ್ತು.

ನಾದಿನಿ ಬರೆದದ್ದನ್ನು ಅವರು ಗಟ್ಟಿಯಾಗಿ ಓದಿದರು: "ಅಣ್ಣಾ, ನೀನು ಇಷ್ಟು ಚೆನ್ನಾಗಿ ಬರೀತೀಯಾ? ಹಾಲು ಉಕ್ಕಿ ಒಲೆಯೆಲ್ಲ ಆಯ್ತು, ನಂಗೆ ಗೊತ್ತೇ ಆಗ್ಲಿಲ್ಲ!"

"ಅದು ನಂದು ರೀ," ಅಂದಳು ಅವಳು. "ನಾನು ಬರೆದ ಕಥೆ. ನಾಲ್ಕರೊಳಗೆ ಕಳಿಸ್ಬೇಕು. ನಗಬೇಡಿ, ದಮ್ಮಯ್ಯ."

ಅವರು ನಗಲಿಲ್ಲ. ಕನ್ನಡಕ ಮೇಲೇರಿಸಿ ಓದತೊಡಗಿದರು.

ಅವಳು ತನ್ನ ಟ್ಯಾಬ್ಲೆಟ್ಟಿನಲ್ಲೇ ಗ್ರೂಪ್ ತೆರೆದು ತುಂಡುಗಳನ್ನೆಲ್ಲ ಆಯ್ದು, ಕಥೆಯ ಬಾಲಕ್ಕೆ ಒಂದೊಂದಾಗಿ ಅಂಟಿಸಿದಳು.

"ಇನ್ನೂ ಏಳು ನಿಮಿಷ ಇದೆ ಕಣೇ, ಗಾಬರಿ ಬೀಳ್ಬೇಡ," ಅಂದವರು ತಾವೇ ಗಾಬರಿಯಲ್ಲಿ ಎದ್ದು ನಿಂತಿದ್ದರು. "ಇನ್ನು ನಾಲ್ಕೇ ನಿಮಿಷ! ಒತ್ತೇ, ಒತ್ತು!"

ಎರಡು ನಿಮಿಷ ಉಳಿದಿರುವಾಗ ಕಥೆ ಹೋಯಿತು. ಅವಳಿಗೆ ರೈಲಿನಲ್ಲೇ ಎದ್ದು ಕುಣಿಯುವಷ್ಟು ಖುಷಿ.

ಗ್ರೂಪಿನಲ್ಲಿ ಮಾತ್ರ ಅಣ್ಣನಿಗೆ ಹೊಗಳಿಕೆ ಇನ್ನೂ ಸುರಿಯುತ್ತಲೇ ಇತ್ತು. ಯಜಮಾನರು ಕೀಬೋರ್ಡನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತತೊಡಗಿದರು. 'ಬರೆದದ್ದು ನಾನಲ್ಲ' ಎಂದು ಮೂಡಿಸುವಷ್ಟರಲ್ಲಿ ಒಂದು ಸ್ಟೇಷನ್ನೇ ದಾಟಿತು. ಮುಂದಿನ ಪದದ ಮೊದಲ ಅಕ್ಷರ ಎಲ್ಲಿದೆಯೆಂದು ಅವರ ಬೆರಳು ಗಾಳಿಯಲ್ಲೇ ಸುತ್ತಾಡುತ್ತಿತ್ತು.

"ಕೊಡಿ, ನಾನು ಹೊಡೀತೀನಿ" ಅನ್ನಬಹುದಿತ್ತು. ಅವಳು ಅನ್ನಲಿಲ್ಲ. ಕೈಕಟ್ಟಿ ಕೂತು ಆ ಬೆರಳನ್ನೇ ನೋಡುತ್ತಿದ್ದಳು.