ಬಿದ್ದವರ ಗುರುತು

ಅಕ್ಕ ಒಂದು ಗುಂಡನ್ನೂ ಹೊಡೆಯುತ್ತಿಲ್ಲ ಎನ್ನುವುದು ಪೂಜಿತಾಳಿಗೆ ಗೊತ್ತಾಗಿದ್ದು ಮೂರನೆಯ ದಿನ ಬೆಳಿಗ್ಗೆ, ಅವಳ ಹಿಂದೆ ಕೂತು ಅವರೆಕಾಯಿ ಸುಲಿಯುವಾಗ. ಮೊಬೈಲಿನಲ್ಲಿ ಹಾಳುಬಿದ್ದ ಒಂದು ರೈಲ್ವೆ ಸ್ಟೇಷನ್. ಸತ್ತು ಮತ್ತೆ ಎದ್ದ ಹೆಣಗಳು ಪ್ಲಾಟ್‌ಫಾರ್ಮಿನ ಉದ್ದಕ್ಕೂ ಕಾಲೆಳೆದುಕೊಂಡು ಬರುತ್ತಿದ್ದವು. ಎಲ್ಲೆಲ್ಲಿಯವರೋ ನಾಲ್ಕು ಜನ ಒಂದು ತಂಡವಾಗಿ ಅವುಗಳನ್ನು ಹೊಡೆಯುತ್ತ ಹೋಗಿ, ಕೊನೆಯ ರೈಲು ಹೊರಡುವುದರೊಳಗೆ ಹತ್ತಬೇಕು. ಅಷ್ಟೇ ಆಟ. ಉಳಿದ ಮೂವರು ಹೊಡೆಯುತ್ತಿದ್ದರು. ಅಕ್ಕ ದೀಪಶ್ರೀ ಆಡಿಸುತ್ತಿದ್ದ ಕೆಂಪು ಜಾಕೀಟಿನ ಹೆಂಗಸು ಮಾತ್ರ ಬಂದೂಕನ್ನು ಬೆನ್ನಿಗೇ ಬಿಟ್ಟು ಗೋಡೆ ಹಿಡಿದು ಓಡುತ್ತಿದ್ದಳು. ಯಾರಾದರೂ ಬಿದ್ದರೆ ಪಕ್ಕದಲ್ಲಿ ಮಂಡಿಯೂರಿ, ಕೈಹಿಡಿದು ಎಬ್ಬಿಸುತ್ತಿದ್ದಳು. ಎಬ್ಬಿಸಿ ಮತ್ತೆ ಓಡುತ್ತಿದ್ದಳು.

ಪೂಜಿತಾ ಆನೇಮಹಲ್‌ನಿಂದ ಅಕ್ಕನ ಗಂಡನ ಊರು ಹೆಗ್ಗದ್ದೆಗೆ ಬಂದಿದ್ದೇ ಈ ಆಟವನ್ನು ಅಳಿಸಿಹಾಕುವುದಕ್ಕೆ. ಅಕ್ಕನ ಮಗು ಏಳು ತಿಂಗಳಿಗೇ ಹುಟ್ಟಿ, ಉಸಿರೆಳೆಯದೆ ಹೋಗಿ ಎರಡು ತಿಂಗಳಾಗಿತ್ತು. ಅಂದಿನಿಂದ ದೀಪಶ್ರೀ ಅತ್ತವಳಲ್ಲ, ಯಾರ ಮೇಲೂ ರೇಗಿದವಳಲ್ಲ. ಬಡಿಸಿದರೆ ಉಣ್ಣುತ್ತಿದ್ದಳು, ಕರೆದರೆ ಏಳುತ್ತಿದ್ದಳು, ಉಳಿದ ಹೊತ್ತೆಲ್ಲ ಮೊಬೈಲು. ತವರಿಗೆ ಬಾ ಎಂದರೆ ಈ ಊರು ಬಿಟ್ಟು ಬರಲೊಲ್ಲಳು. ಬುದ್ಧಿ ಹೇಳುವವರೆಲ್ಲ ಹೇಳಿ ಹೋಗಿದ್ದರು. ಕೊನೆಗೆ ಅವ್ವ, ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟ, ನಾಲ್ಕು ಜನರೆದುರು ಬಾಯಿ ಬಿಡದ ಚಿಕ್ಕಮಗಳನ್ನು ಬಸ್ಸು ಹತ್ತಿಸಿದ್ದಳು. ಮಾತಾಡದೆ ಮಾಡುವ ಕೆಲಸಕ್ಕೆ ಮಾತಾಡದವಳೇ ಸರಿ ಎಂದು.

ಅಕ್ಕನ ಅತ್ತೆ ತಾಯಮ್ಮ ಅಕ್ಕಿರೊಟ್ಟಿಯ ತಟ್ಟೆ ತಂದಿಟ್ಟು ಮೊಬೈಲಿನೊಳಗೆ ಬಗ್ಗಿ ನೋಡಿದಳು.

“ಆಗ್ಲೇ ಸತ್ತವ್ರಲ್ಲವ್ವ ಇವ್ರು. ಸತ್ತೋರ್ನ ಮತ್ಯಾಕೆ ಹೊಡಿಯೋದು?”

ದೀಪಶ್ರೀ ತಲೆಯೆತ್ತಲಿಲ್ಲ. ತಾಯಮ್ಮ ಪೂಜಿತಾಳ ಕಡೆ ತಿರುಗಿದಳು. “ನೋಡ್ದಾ ಮಗ? ನನ್ನ ಸೊಸೆ ಹೆಣಗಳ ಜತೆ ಸಂಸಾರ ಮಾಡ್ತಾವ್ಳೆ. ನಮ್ಮ ಜತೆ ಒಂದು ಮಾತಿಲ್ಲ.” ಬೈಗುಳದಂತೆ ಹೇಳಿದರೂ, ಹೋಗುವಾಗ ರೊಟ್ಟಿಯ ಮೇಲೆ ಇನ್ನೊಂದು ಚಮಚ ಬೆಣ್ಣೆ ಹಾಕಿಯೇ ಹೋದಳು.

ಅಕ್ಕ ಸ್ನಾನಕ್ಕೆ ಎದ್ದಾಗ ಪೂಜಿತಾ ಮೊಬೈಲನ್ನು ಕೈಗೆ ತೆಗೆದುಕೊಂಡಳು. ಬಚ್ಚಲಲ್ಲಿ ನೀರು ಬೀಳುವ ಸದ್ದು ಕೇಳುತ್ತಿತ್ತು. ಆಟದ ಚಿತ್ರವನ್ನು ಬೆರಳಲ್ಲಿ ಒತ್ತಿ ಹಿಡಿದರೆ ಮುಗಿಯಿತು. ಒತ್ತುವ ಮೊದಲು ಒಮ್ಮೆ ತೆರೆದು ನೋಡಿದಳು. ಒಳಗೆ ಒಂದು ಪಟ್ಟಿ ಇತ್ತು. ಅಕ್ಕ ಆಡಿದ್ದು ನಾನೂರ ಹನ್ನೆರಡು ಸಲ. ಬಿದ್ದವರನ್ನು ಎಬ್ಬಿಸಿದ್ದು ಸಾವಿರದ ಮೇಲೆ. ರೈಲು ಹತ್ತಿದ್ದು ಸೊನ್ನೆ.

ಪೂಜಿತಾ ಮೊಬೈಲನ್ನು ಇದ್ದಲ್ಲೇ ಇಟ್ಟು, ತನ್ನ ಫೋನಿಗೂ ಆ ಆಟ ಹಾಕಿಕೊಂಡಳು.

ಮಾರನೆಯ ದಿನದಿಂದ ಜಗಲಿಯ ಮೂಲೆಯಲ್ಲಿ, ಮನೆಯಲ್ಲಿ ಸಿಗ್ನಲ್ ಸಿಗುವ ಎರಡು ಮಾರು ಜಾಗದಲ್ಲಿ, ಇಬ್ಬರೂ ಗೋಡೆಗೊರಗಿ ಕೂತು ಆಡಿದರು. ಎರಡು ದಿನದಲ್ಲೇ ಪೂಜಿತಾಳಿಗೂ ಅದು ಹಿಡಿಸಿಬಿಟ್ಟಿತು. ಅಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ಅವಳ ಬೆನ್ನ ಹಿಂದೆ ಬಂದದ್ದನ್ನು ಇನ್ಯಾರೋ ಹೊಡೆದು ಬೀಳಿಸುತ್ತಿದ್ದರು. ಹೆಸರು ಓದಲು ಬಾರದ ಯಾವುದೋ ದೇಶದವನು ತನ್ನ ಬಳಿಯಿದ್ದ ಒಂದೇ ಔಷಧಿ ಡಬ್ಬಿಯನ್ನು ಅವಳ ಮುಂದಿಟ್ಟು ಹೋದ. ಅವಳು ಹಿಂದುಳಿದಾಗ ಮೂವರೂ ಬಾಗಿಲ ಬಳಿ ನಿಂತು ಕಾದರು. ತನಗಾಗಿ ಹಾಗೆ ಯಾರಾದರೂ ಕಾದದ್ದು ಅವಳಿಗೆ ನೆನಪಿರಲಿಲ್ಲ.

ಅವತ್ತು ರೈಲು ಬಂದು ನಿಂತಿತ್ತು. ಪೂಜಿತಾ ಹತ್ತಿದ್ದಳು, ಇನ್ನೊಬ್ಬನೂ ಹತ್ತಿದ್ದ. ನಾಲ್ಕನೆಯವನು ಬಹಳ ಹಿಂದೆ, ಸೇತುವೆಯ ಆಚೆ ಬಿದ್ದಿದ್ದ. ನಕ್ಷೆಯಲ್ಲಿ ಅವನಿದ್ದಲ್ಲಿ ಕೆಂಪು ಚುಕ್ಕೆಯೊಂದು ಹೊಳೆದು ಆರುತ್ತಿತ್ತು. ಕೆಂಪು ಜಾಕೀಟಿನ ಹೆಂಗಸು ಬಾಗಿಲವರೆಗೆ ಬಂದು ಹಿಂದಕ್ಕೆ ತಿರುಗಿದಳು.

“ಅಕ್ಕ, ಬಾ. ಹೊರಡ್ತೈತೆ.”

“ನೀ ಹೋಗು.”

ರೈಲು ಹೊರಟಿತು. ದೀಪಶ್ರೀ ಸೇತುವೆ ದಾಟುವಷ್ಟರಲ್ಲಿ ಅವನ ಉಸಿರು ಮುಗಿದಿತ್ತು. ಆದರೂ ಅವಳು ಅವನ ಪಕ್ಕ ಹೋಗಿ ಮಂಡಿಯೂರಿದಳು. ಸುತ್ತಲೂ ಹೆಣಗಳು ಬಂದವು. ಅವಳು ಏಳಲಿಲ್ಲ. ಪರದೆಯೆಲ್ಲ ಕೆಂಪಾಯಿತು.

ಹೊತ್ತಿಗೆ ಸರಿಯಾಗಿ ಅವನನ್ನು ತಲುಪುವುದಕ್ಕೆ ಆಗುವುದಿಲ್ಲ ಎಂದು ಗೊತ್ತಿದ್ದೂ ಯಾಕೆ ಹೋದೆ ಎಂದು ಪೂಜಿತಾ ಕೇಳಿದಳು. ದೀಪಶ್ರೀ ಕೆಂಪಾದ ಪರದೆಯನ್ನು ಬೆರಳಲ್ಲಿ ಸರಿಸಿದಳು. ಆಮೇಲೆ, ಅಂಗಡಿಯಿಂದ ಏನು ತರಬೇಕೆಂದು ಹೇಳುವವಳ ದನಿಯಲ್ಲಿ ಹೇಳಿದಳು.

“ಇದ್ರಾಗೆ ಬಿದ್ದೋರು ಎಲ್ಲವ್ರೆ ಅಂತ ಚುಕ್ಕೆ ಬತ್ತದೆ ಕಣೆ. ಹುಡ್ಕಂಡು ಹೋಗ್ಬೋದು. ನಂಗೆ ಯಾರೂ ಹೇಳ್ನಿಲ್ಲ, ಎಲ್ಲಿ ಮಡಗಿದ್ರು ಅಂತ.”

ಹೇಳಿ ಮುಂದಿನ ಆಟ ಶುರುಮಾಡಿದಳು.

ಅಂಥ ಮಗುವನ್ನು ಗಂಡಸರೇ ಒಯ್ದು ಮಣ್ಣು ಮಾಡುವುದು. ತಾಯಿಗೆ ಮುಖ ತೋರಿಸುವುದಿಲ್ಲ, ಜಾಗ ಹೇಳುವುದಿಲ್ಲ. ಗೊತ್ತಾದರೆ ಕಾಲು ಅಲ್ಲಿಗೇ ಎಳೆಯುತ್ತದೆ, ಮುಂದಿನ ಬಸಿರು ನಿಲ್ಲುವುದಿಲ್ಲ ಎಂಬ ನಂಬಿಕೆ. ಪೂಜಿತಾ ಅಡುಗೆಮನೆಗೆ ಹೋಗಿ, ಒಲೆಯ ಕಡೆ ನೋಡುತ್ತಲೇ, ಅಕ್ಕನಿಗೆ ಜಾಗ ತೋರಿಸಬಾರದೇ ಎಂದು ತಾಯಮ್ಮನನ್ನು ಕೇಳಿದಳು.

“ನಂಗೂ ತೋರಿಸ್ನಿಲ್ಲ,” ಎಂದಳು ತಾಯಮ್ಮ. “ನಿನ್ ಭಾವಂಗಿಂತ ಮುಂಚೆ ಒಂದು ಹಿಂಗೇ ಹೋಯ್ತು. ನಾನೇನು ಬದುಕ್ನಿಲ್ವಾ?” ಹಿಟ್ಟು ನಾದುತ್ತಿದ್ದ ಅವಳ ಕೈ ನಿಂತಿತು. ನಲವತ್ತು ವರ್ಷದ ಹಿಂದಿನದನ್ನು ಹುಡುಕುವವಳಂತೆ ಕಿಟಕಿಯಾಚೆ ನೋಡಿದಳು. ಮತ್ತೆ ನಾದತೊಡಗಿ, ತಿರುಗದೆಯೇ, “ಅವ್ನ ಕೇಳೋಗು,” ಎಂದಳು.

ಭಾವ ಯೋಗಾನಂದ ಕಣದಲ್ಲಿ ಕಾಫಿ ಹಣ್ಣನ್ನು ಒಣಗಲು ಹರವುತ್ತಿದ್ದ. ಅವನೊಂದಿಗೆ ಪೂಜಿತಾ ಇದುವರೆಗೆ ಹೂಂ, ಉಹೂಂ ಬಿಟ್ಟು ಮಾತಾಡಿದವಳಲ್ಲ. ಕಣದ ಅಂಚಿನಲ್ಲಿ ನಿಂತು, ಬರುವ ದಾರಿಯಲ್ಲಿ ಜೋಡಿಸಿಕೊಂಡಿದ್ದಷ್ಟನ್ನು ಒಂದೇ ಉಸಿರಿಗೆ ಹೇಳಿದಳು.

“ಭಾವ, ಮಗೀನ ಜಾಗ ಅಕ್ಕಂಗೆ ತೋರ್ಸಿ.”

ಅವನು ಹಣ್ಣನ್ನು ಇನ್ನೊಂದು ಸಾಲು ಎಳೆದ. “ನೀನು ಆ ಆಟ ಅಳ್ಸಕ್ಕೆ ಬಂದೋಳಲ್ವಾ?” ಎಂದ.

“ಅಳಿಸ್ನಿಲ್ಲ.”

“ನಾನೊಬ್ನೇ ಹೋಗ್ತಿರ್ತೀನಿ,” ಎಂದ ಯೋಗಾನಂದ. “ಅವಳಿಗೆ ಹೇಳಕ್ಕೆ ಬಾಯಿ ಬರ್ನಿಲ್ಲ ಕಣವ್ವ.” ಜೇಬಿನಿಂದ ಮೊಬೈಲು ತೆಗೆದು, ತೋಟಕ್ಕೆ ಇಳಿಯುವ ಕಾಡಾನೆಗಳು ಈಗ ಎಲ್ಲಿವೆ ಎಂದು ಊರಿನ ವಾಟ್ಸಾಪ್ ಗ್ರೂಪಿನಲ್ಲಿ ನೋಡಿದ. ಆಚೆ ಗುಡ್ಡದಲ್ಲಿದ್ದವು. “ಈಗ್ಲೇ ಹೋಗನ. ಚಪ್ಲಿ ಹಾಕ್ಕಳಕ್ಕೆ ಹೇಳು.”

ತೋಟದ ಕೆಳಗೆ, ಹಳ್ಳದ ಅಂಚಿಗೆ, ಸಿಲ್ವರ್ ಓಕ್ ಮರವೊಂದರ ಬುಡದಿಂದ ನಾಲ್ಕು ಹೆಜ್ಜೆ ಆಚೆ. ನರಿ ಕೆದರದಂತೆ ಮೇಲೆ ಕಲ್ಲು ಹೇರಿ ಮುಳ್ಳುಕಂಟಿ ಮುಚ್ಚಿದ್ದರು. ಯೋಗಾನಂದ ಕಂಟಿಯನ್ನು ಒಂದೊಂದೇ ಎಳೆದು ಪಕ್ಕಕ್ಕಿಟ್ಟು, ದೂರ ಹೋಗಿ ನಿಂತ. ಜಾಗ ಒಂದು ಮೊರದಷ್ಟಿತ್ತು. ದೀಪಶ್ರೀ ನೋಡುತ್ತ ನಿಂತಳು. ಅಳುತ್ತಾಳೇನೋ ಎಂದು ಪೂಜಿತಾ ಅವಳ ತೋಳಿನ ಹತ್ತಿರಕ್ಕೆ ಕೈ ತಂದಿದ್ದಳು. ಅವಳು ಅಳಲಿಲ್ಲ. ಕೂತಳು. ಕಲ್ಲಿನ ಸಂದಿಯಲ್ಲಿ ಎದ್ದಿದ್ದ ಹುಲ್ಲನ್ನು ನೋಡಿದಳು. ಗಂಡನ ಕಡೆ ತಿರುಗದೆ ಕೇಳಿದಳು.

“ತಲೆ ಯಾವ ಕಡೆಗೈತೆ?”

ಯೋಗಾನಂದ ಬಂದು, ಬಗ್ಗಿ, ಒಂದು ಕಲ್ಲನ್ನು ಬೆರಳಿಂದ ಮುಟ್ಟಿದ.

ದೀಪಶ್ರೀ ಸೀರೆಯ ನೆರಿಗೆ ಹಿಡಿದು ಕೂತಲ್ಲಿಂದ ಎದ್ದಳು. ಸುತ್ತು ಬಳಸಿ ಬಂದು, ಆ ಕಡೆಗೆ ಕೂತಳು.