ಎಡಗಡೆ ಗೋಡೆಯ ಹಿಡಿ

ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಮಾಡುತ್ತಲೇ ಕೂದಲು ಹಣ್ಣಾದವಳು ನಾನು. ಟಿಕೆಟ್ ತಗೊಳ್ಳದವನನ್ನು ಕಂಡುಹಿಡಿಯೋದು ಹೇಗೆ ಗೊತ್ತಾ? ನಾನು ಹತ್ತಿರ ಬರುತ್ತಿದ್ದ ಹಾಗೆ ಅವನಿಗೆ ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದು ಕಾಣಿಸುತ್ತದೆ. ನನ್ನ ತಂಗಿಗೂ ಈಚೆಗೆ ಹಾಗೇ ಆಗಿದೆ. ನನ್ನ ಜೊತೆ ಮಾತಾಡುವಾಗೆಲ್ಲ ಕಿಟಕಿಯಾಚೆ ನೋಡುತ್ತಾಳೆ. ಅಲ್ಲಿರೋದು ಪಕ್ಕದ ಮನೆಯ ನೀರಿನ ಟ್ಯಾಂಕು.

ನಾನಿರೋದು ಅವಳ ಮನೆಯಲ್ಲಿ. ಕಾಲು ಕೈಕೊಟ್ಟ ಮೇಲೆ ಅವಳೇ ಬಂದು ಕರೆದುಕೊಂಡು ಹೋದಳು. ಮನೆಯಲ್ಲಿ ಅವಳು, ಅವಳ ಗಂಡ, ನಾನು, ನನ್ನ ಗಾಲಿ ಕುರ್ಚಿ. ಗಂಡ ಏನು ಕೇಳಿದರೂ ಹೂಂ ಅನ್ನುವ ಪ್ರಾಣಿ, ಅದಕ್ಕೇ ಹೂಂರಾಯ ಅಂತ ಕರೆಯುತ್ತೇನೆ. ತಂಗಿಗೆ ಚಿಕ್ಕಂದಿನಲ್ಲೇ ಎಡಚಿ ಅಂತ ಇಟ್ಟಿದ್ದೆ. ಬರೆಯೋದು, ಬಡಿಸೋದು, ನನ್ನ ಜಡೆ ಎಳೆಯೋದು, ಎಲ್ಲ ಎಡಗೈಯಲ್ಲೇ.

ಕಾಯಿಲೆ ಅಪ್ಪನದು. ಅವರು ಬಿಟ್ಟುಹೋದ ಆಸ್ತಿ ಅದೊಂದೇ, ಅದೂ ಪೂರ್ತಿ ನನ್ನ ಪಾಲಿಗೇ ಬಂತು, ನಿನಗೆ ಚೂರೂ ಇಲ್ಲ ಅಂತ ನಾನು ಎಡಚಿಯನ್ನು ರೇಗಿಸುತ್ತಿದ್ದೆ. ನನಗೆ ಶುರುವಾಗಿದ್ದು ಕಾಲಿನಿಂದಲೂ ಅಲ್ಲ, ಚಪ್ಪಲಿಯಿಂದ. ಒಂದು ದಿನ ಟಿಕೆಟ್ ಕೊಡುತ್ತಾ ಬಸ್ಸಿನ ಮುಂದಕ್ಕೆ ಹೋಗಿದ್ದೆ. ಹಿಂದಿನ ಸೀಟಿನ ಹೆಂಗಸು, “ಕಂಡಕ್ಟ್ರೇ, ನಿಮ್ಮ ಚಪ್ಪಲಿ ಇಲ್ಲೇ ಇದೆ” ಅಂದಳು. ನೋಡಿದರೆ ಒಂದು ಕಾಲು ಬರಿಗಾಲು. ಚಪ್ಪಲಿ ಕಳಚಿದ್ದು ಕಾಲಿಗೆ ಗೊತ್ತೇ ಆಗಿರಲಿಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಈಗ ಬಚ್ಚಲಿನ ವಿಷಯಕ್ಕೆ ಬರುತ್ತೇನೆ. ಈ ಮನೆಯ ಬಚ್ಚಲಿಗೆ ಎತ್ತರದ ಹೊಸ್ತಿಲು, ಇಕ್ಕಟ್ಟು ಬಾಗಿಲು. ಕುರ್ಚಿ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಎಡಚಿ ನನ್ನ ಕಂಕುಳಿಗೆ ಕೈ ಹಾಕಿ ಎತ್ತಿ ಒಳಗಿನ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸುತ್ತಿದ್ದಳು. ಬಾಗಿಲು ಹಾಕೋಕೆ ಆಗುತ್ತಿರಲಿಲ್ಲ. ನನ್ನ ಸ್ನಾನದ ಹೊತ್ತಿಗೆ ಹೂಂರಾಯ ತಾನಾಗಿಯೇ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಹೋಗುತ್ತಿದ್ದ. ಒಳ್ಳೆಯವನೇ, ಇಲ್ಲ ಅನ್ನಲ್ಲ. ಆದರೆ ನನ್ನ ಸ್ನಾನಕ್ಕೆ ಅಂತ ಒಬ್ಬ ಗಂಡಸು ಮನೆ ಬಿಟ್ಟು ಹೋಗೋದಿದೆಯಲ್ಲ, ಅದು ನನ್ನ ಮಾನ ಕಳೆಯುತ್ತಿತ್ತು. ಬಾಗಿಲು ಹಾಕಿ, ಚಿಲಕ ಜಡಿದು, ಒಬ್ಬಳೇ ಕೂತು ತಲೆ ಮೇಲೆ ನೀರು ಸುರಿದುಕೊಳ್ಳಬೇಕು. ನನಗೆ ಬೇಕಾಗಿದ್ದು ಅಷ್ಟೇ.

ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಅವಳೇ ಒಂದು ಬೆಳಿಗ್ಗೆ, “ಅಕ್ಕಾ, ಬಚ್ಚಲು ಒಡೆಸ್ತಿದ್ದೀವಿ, ನಿನ್ನ ಕುರ್ಚಿ ಸೀದಾ ಒಳಗೆ ಹೋಗೋ ಹಾಗೆ” ಅಂದಾಗ ನಾನು ಅತ್ತುಬಿಟ್ಟೆ. ಅನುಮಾನ ಬಂದಿದ್ದು ಆಮೇಲೆ.

ಮೇಸ್ತ್ರಿ ಬಂದ. ಅವನ ಕೆಲಸದ ರೀತಿಯೇ ಬೇರೆ. ಗೋಡೆಗೆ ಸ್ಟೀಲಿನ ಹಿಡಿ ಹಾಕೋಕೆ ಟೇಪು ಹಿಡಿಯೋದಿಲ್ಲ. “ಪುಸ್ತಕದ ಅಳತೆ ಪುಸ್ತಕದವರಿಗೆ, ನಿಮ್ಮ ಕೈ ಎಲ್ಲಿ ಬೀಳುತ್ತೋ ಅದೇ ಅಳತೆ” ಅಂದ. ಹೊಸ್ತಿಲು, ಬಾಗಿಲು ಎರಡನ್ನೂ ಒಡೆದ ದಿನವೇ ನನ್ನನ್ನು ಕುರ್ಚಿ ಸಮೇತ ಒಳಗೆ ನಿಲ್ಲಿಸಿ, ಅಂಗೈಗೆ ಕೆಂಪು ಪುಡಿ ಬಳಿದು, “ಈಗ ಏಳೋಕೆ ನೋಡಿ ಅಮ್ಮಾ” ಅಂದ. ನನ್ನ ಬಲಗೈ ತಾನಾಗಿ ಹೋಗಿ ಬಲಗಡೆ ಗೋಡೆಗೆ ಅಂಟಿತು. ಕೆಂಪು ಅಂಗೈ ಮೂಡಿತು. ಆ ಪುಡಿ ಎಷ್ಟು ತಿಕ್ಕಿದರೂ ಅಂಗೈ ಗೆರೆಗಳಿಂದ ಬೇಗ ಹೋಗಲಿಲ್ಲ.

ಅಲ್ಲಿಂದ ಮುಂದೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಮಧ್ಯಾಹ್ನ ನಾನು ಮಲಗಿದಾಗ ಎಡಚಿ “ಗಾಲಿ ಒರೆಸ್ತೀನಿ” ಅಂತ ಕುರ್ಚಿ ತಗೊಂಡು ಹೋಗುತ್ತಿದ್ದಳು. ವಾಪಸ್ ಬರುವಾಗ ಗಾಲಿ ತುಂಬ ಸಿಮೆಂಟಿನ ಧೂಳು. ಒರೆಸಿದ ಗಾಲಿಗೆ ಧೂಳು ಎಲ್ಲಿಂದ ಬರುತ್ತೆ, ನೀವೇ ಹೇಳಿ. ಕಾಲಿಡುವ ಪಟ್ಟಿಯನ್ನು ಯಾರೋ ಮೇಲಕ್ಕೆ ಏರಿಸಿದ್ದರು. ನನಗಿಂತ ಕುಳ್ಳಗಿರೋ ಯಾರೋ ನನ್ನ ಕುರ್ಚಿಯಲ್ಲಿ ಕೂತಿದ್ದಾರೆ.

ಫೋನಿನಲ್ಲೂ ಪಿಸುಮಾತು. ಆಚೆ ಕಡೆ ಅವಳ ಅತ್ತೆ. ಆಕೆ ಇರೋದು ದೊಡ್ಡ ಮಗನ ಮನೆಯಲ್ಲಿ. ಲಕ್ವ ಹೊಡೆದು ಬಲಗೈ ಸ್ವಾಧೀನದಲ್ಲಿಲ್ಲ, ದೊಡ್ಡ ಸೊಸೆಗೂ ಆಕೆಗೂ ಎಣ್ಣೆ ಸೀಗೆಕಾಯಿ. ನಾನು ಕುರ್ಚಿ ತಳ್ಳಿಕೊಂಡು ಅಡುಗೆಮನೆಗೆ ಹೋದರೆ ಸಾಕು, “ಆಮೇಲೆ ಮಾಡ್ತೀನಿ ಅತ್ತೆ” ಅಂತ ಫೋನು ಇಟ್ಟುಬಿಡುತ್ತಿದ್ದಳು. ಮುಖ ಮಾತ್ರ ಕುಂಬಳಕಾಯಿ ಕಳ್ಳಿಯ ಮುಖ.

ಅದಕ್ಕಿಂತ ಹೆಚ್ಚಾಗಿ ಹೊಟ್ಟೆ ಉರಿಸಿದ್ದು ಅವಳ ಹೊಸ ಚಪ್ಪಲಿ. ಹಿಮ್ಮಡಿಗೆ ಪಟ್ಟಿ, ಪಕ್ಕಕ್ಕೆ ಬಕಲ್. ಮನೆಯೊಳಗೂ ಅದೇ. “ಯಾರಿಗೆ ತೋರಿಸೋಕೆ ಈ ಷೋಕಿ?” ಅಂದೆ. “ನೆಲ ತಣ್ಣಗಿರುತ್ತೆ” ಅಂದಳು, ಟ್ಯಾಂಕು ನೋಡುತ್ತಾ.

ಮೇಸ್ತ್ರಿ ಊಟಕ್ಕೆ ಹೋಗಿದ್ದಾಗ ನಾನೇ ಬಚ್ಚಲಿಗೆ ನುಗ್ಗಿದೆ. ಬಲಗಡೆ ಗೋಡೆಯಲ್ಲಿ ನನ್ನ ಕೈ, ಸರಿ. ಎಡಗಡೆ ಗೋಡೆಯಲ್ಲಿ ಇನ್ನೊಂದು ಕೆಂಪು ಕೈ. ನನ್ನದಕ್ಕಿಂತ ಚಿಕ್ಕದು, ನನ್ನದಕ್ಕಿಂತ ಕೆಳಗೆ. ಟಿಕೆಟ್ ಒಂದು, ಪ್ರಯಾಣಿಕರು ಇಬ್ಬರು.

ಮೇಸ್ತ್ರಿ ಬರುತ್ತಲೇ ಹಿಡಿದುಕೊಂಡೆ. “ಎಡಗಡೆ ಯಾರಿಗ್ರೀ?”

ಅವನು ಮಟ್ಟ ನೋಡೋ ರಸಮಟ್ಟ ಎತ್ತಿ ಅದರ ಗುಳ್ಳೆಯನ್ನೇ ನೋಡಿದ. “ಇರ್ಲಿ ಬಿಡಿ ಅಮ್ಮಾ. ಕೈ ಎರಡಿರುತ್ತಲ್ಲ.”

“ನನ್ನ ಎಡಗೈಲಿ ಲೋಟ ಹಿಡಿಯೋ ಶಕ್ತಿ ಇಲ್ಲ.”

“ಮನೆಯವರು ಹೇಳಿದ್ದಾರೆ, ನಾನು ಹಾಕ್ತೀನಿ” ಅಂದು ನೀರು ಹರಿಯೋ ವಾಟ ನೋಡೋಕೆ ಕೂತ.

ಅವತ್ತು ಊಟಕ್ಕೆ ಬಡಿಸುವಾಗ ಎಡಚಿಯ ಅಂಗೈ ನೋಡಿದೆ. ಗೆರೆಗಳಲ್ಲಿ ಕೆಂಪು. ನನಗೆ ಎಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸಲೀಸಾಗಿ ಅರ್ಥವಾಯಿತು. ಅತ್ತೆ ಬರುತ್ತಾಳೆ. ಆಕೆಯ ಬಲಗೈ ಬಿದ್ದಿದೆ, ಎಡಗಡೆ ಹಿಡಿ ಬೇಕು. ಆಕೆಯೂ ಇವಳೂ ಒಂದೇ ಎತ್ತರ, ಅದಕ್ಕೇ ಆಕೆಯ ಬದಲು ಇವಳು ಕೂತು ಅಳತೆ ಕೊಟ್ಟಿದ್ದಾಳೆ. ಒಂದು ಮನೆಯಲ್ಲಿ ಎರಡು ಗಾಲಿ ಕುರ್ಚಿ ನಡೆಯೋದಿಲ್ಲ, ಆದ್ದರಿಂದ ನಾನು ಯಾವುದೋ ಆಶ್ರಮಕ್ಕೆ. ಬಲಗಡೆ ಹಿಡಿ ನನ್ನ ಮೂಗಿಗೆ ಸವರಿದ ತುಪ್ಪ. ಕೆಲಸ ಮುಗಿಯೋವರೆಗೂ ನಾನು ಬಾಯಿ ಬಿಡಲಿಲ್ಲ. ಒಂಟಿಯಾಗಿ ಮಲಗಿದಾಗ ಮಾತ್ರ ಎಲ್ಲರಿಗೂ ಶಾಪ ಹಾಕಿದೆ, ಹೂಂರಾಯನಿಗೂ ಸೇರಿಸಿ.

ಬಚ್ಚಲು ಸಿದ್ಧವಾಯಿತು. ಬಾಗಿಲು ಅಗಲವಾಗಿತ್ತು, ಹೊರಕ್ಕೆ ತೆರೆಯುತ್ತಿತ್ತು. ಹೊಸ್ತಿಲಿನ ಸುಳಿವೇ ಇಲ್ಲ. ಜಾರದ ತರಿತರಿ ಟೈಲ್ಸು, ಗೋಡೆಗೆ ಮಡಚುವ ಸೀಟು, ಕೈಗೆಟುಕುವ ಶವರು. ಚಿಲಕ ಕೂಡ ನಾನು ಕೂತ ಎತ್ತರಕ್ಕೇ ಇತ್ತು. ಎಡಚಿ ಹೊಸ ಟವಲು ನನ್ನ ತೊಡೆ ಮೇಲಿಟ್ಟಳು.

“ಹೋಗಕ್ಕಾ. ಬಾಗಿಲು ಹಾಕ್ಕೋ. ಯಾರೂ ಬರಲ್ಲ.”

ಎಷ್ಟು ದಿನದಿಂದ ಕಾದ ಮಾತು. ಆದರೆ ನಾನು ಬಾಗಿಲಲ್ಲೇ ಬ್ರೇಕ್ ಹಾಕಿ ಕೂತೆ. “ನಿನ್ನ ಅತ್ತೆ ಯಾವತ್ತು ಬರ್ತಾರೆ ಹೇಳು. ನಾನು ಯಾವತ್ತು ಗಂಟುಮೂಟೆ ಕಟ್ಟಬೇಕು, ಅದನ್ನೂ ಹೇಳು.”

“ಅತ್ತೆನಾ?” ಅಂದಳು. “ಅತ್ತೆ ಯಾಕೆ ಬರ್ತಾರೆ?”

“ಎಡಗಡೆ ಹಿಡಿ ಮತ್ತೆ ಯಾರ ಅಪ್ಪನ ಮನೆಗೆ?”

ಅವಳು ನನ್ನನ್ನು ದಾಟಿ ಒಳಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸಿದಳು. ಆಗ ಕೇಳಿಸಿತು. ಒಂದು ಹೆಜ್ಜೆ ಸರಿಯಾಗಿ ಬೀಳುತ್ತಿತ್ತು, ಇನ್ನೊಂದು ಆ ತರಿತರಿ ನೆಲದ ಮೇಲೆ ಪರಪರ ಅಂತ ಉಜ್ಜಿಕೊಂಡು ಹೋಗುತ್ತಿತ್ತು. ಹಳೆಯ ನುಣ್ಣನೆ ನೆಲದಲ್ಲಿ ಈ ಸದ್ದು ಇರಲಿಲ್ಲ. ನಾನು ಚಪ್ಪಲಿ ನೋಡಿದೆ. ಹೊಸ ಚಪ್ಪಲಿ, ಒಂದರ ಮೂತಿ ಮಾತ್ರ ಆಗಲೇ ಸವೆದಿತ್ತು.

“ಪಟ್ಟಿ ಬಿಚ್ಚು” ಅಂದೆ.

“ಏನು?”

“ಚಪ್ಪಲಿದು. ಬಿಚ್ಚಿ, ಹಾಗೇ ಅಡುಗೆಮನೆವರೆಗೆ ಹೋಗಿ ಬಾ.”

“ಸುಮ್ನಿರಕ್ಕಾ, ನೀರು ಬಿಸಿ ಬರ್ತಿದೆ.”

“ಬಿಚ್ಚು ಅಂದೆ.”

ಬಗ್ಗಿ ಬಿಚ್ಚಿದಳು. ನಡೆದಳು. ಬಾಗಿಲ ಬಳಿಯೇ ಒಂದು ಚಪ್ಪಲಿ ಉಳಿದುಹೋಯಿತು. ಅವಳು ಹೋಗುತ್ತಲೇ ಇದ್ದಳು, ಒಂದು ಬರಿಗಾಲಲ್ಲಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಅಕ್ಕನ ಪರೀಕ್ಷೆಯಲ್ಲಿ ಪಾಸಾಗೋಕೆ.

“ಎಡಚೀ” ಅಂದೆ, “ನಿನ್ನ ಚಪ್ಪಲಿ ಇಲ್ಲೇ ಇದೆ.”

ತಿರುಗಿ ನೋಡಿದಳು. ಮೊದಲು ಚಪ್ಪಲಿಯನ್ನು, ಆಮೇಲೆ ತನ್ನ ಕಾಲನ್ನು.

ಎಡಚಿ ಅಂತ ಹೆಸರಿಟ್ಟವಳು ನಾನು. ಎಡಗೈಯ ಗುರುತು ನೋಡಿ ಅವಳ ಅತ್ತೆಯವರೆಗೂ ಹೋಗಿ ಬಂದೆ, ಕಣ್ಣೆದುರಿಗಿದ್ದ ಇವಳು ಕಾಣಲಿಲ್ಲ. ನನ್ನ ಅನುಮಾನಕ್ಕಿಷ್ಟು ಬೆಂಕಿ ಬೀಳಲಿ.

“ಕಾಯಿಲೆ ಏರೋದು ನಿಧಾನ ಅಂತ ಡಾಕ್ಟ್ರು ಅಂದಿದ್ದಾರೆ, ಇನ್ನೂ ಎಷ್ಟೋ ವರ್ಷ ಓಡಾಡ್ತೀನಂತೆ” ಅಂದಳು. “ಒಡೆಸೋದು ಹೇಗೂ ಒಡೆಸ್ತಿದ್ದೀವಿ, ನಂದೂ ಒಂದು ಹಿಡಿ ಹಾಕಿಸಿಬಿಡೋಣ ಅಂತ.”

“ಫೋನಲ್ಲಿ ಪಿಸಪಿಸ?”

“ಅತ್ತೆಗೆ ಮಾತ್ರ ಹೇಳಿದ್ದೆ. ಒಂದು ಕೈಯಲ್ಲಿ ಹೇಗೆ ಏಳ್ತಾರೆ ಅಂತ ಕೇಳ್ತಿದ್ದೆ. ನಿಂಗೆ ಹೇಳಿದ್ರೆ ನನ್ನ ಕೈಲಿ ನೀರು ಹಾಕಿಸ್ಕೊಳ್ತಿರಲಿಲ್ಲ ನೀನು. ಎತ್ತೋಕೂ ಬಿಡ್ತಿರಲಿಲ್ಲ.”

ನಿಜ, ಬಿಡುತ್ತಿರಲಿಲ್ಲ. ಇಷ್ಟು ದಿನ ಆ ಕಾಲಿನ ಮೇಲೆ ನಿಂತು ನನ್ನ ಭಾರ ಎತ್ತಿದ್ದಾಳೆ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಆಸ್ತಿ ಪೂರ್ತಿ ನನ್ನದೇ ಅಂತ ಇವಳ ಮುಂದೆ ಎಷ್ಟು ಸಲ ನಕ್ಕಿದ್ದೇನೆ. ಇವಳೂ ನಗುತ್ತಿದ್ದಳು. ಅವಳ ಅತ್ತೆಯೇ ಬಂದು ನನ್ನ ಕುರ್ಚಿಯಲ್ಲಿ ಕೂತು ನನ್ನನ್ನು ಆಶ್ರಮಕ್ಕೆ ಅಟ್ಟಿದ್ದರೆ ಎಷ್ಟು ಚೆನ್ನಾಗಿತ್ತು.

ಹೂಂರಾಯ ಎಂದಿನಂತೆ ಬೀದಿಗೆ ಹೋಗೋಕೆ ಚಪ್ಪಲಿ ಹುಡುಕುತ್ತಿದ್ದ. “ನೀವು ಎಲ್ಲೂ ಹೋಗೋದು ಬೇಡ, ಕೂತ್ಕೊಂಡು ಪೇಪರ್ ಓದಿ” ಅಂದೆ. ಹೂಂ ಅಂದ.

ಬ್ರೇಕ್ ತೆಗೆದು ಬಚ್ಚಲಿನೊಳಕ್ಕೆ ಹೋದೆ. ಬಲಗಡೆ ಹಿಡಿ ನನ್ನ ಕೈ ಎಲ್ಲಿ ಬೀಳುತ್ತೋ ಅಲ್ಲೇ ಇತ್ತು, ಮೇಸ್ತ್ರಿ ಮೋಸ ಮಾಡಿರಲಿಲ್ಲ. ಎದ್ದು, ಅರ್ಧ ತಿರುಗಿ, ಮಡಚುವ ಸೀಟಿನ ಮೇಲೆ ಕೂತೆ. ಯಾರೂ ಎತ್ತಲಿಲ್ಲ. ಎಡಚಿ ಬಾಗಿಲಾಚೆ ನಿಂತು ಮೂಗೊರೆಸಿಕೊಳ್ಳುತ್ತಿದ್ದಳು.

“ಒಳಗೆ ಬಾ.”

“ನೀನು ಒಬ್ಬಳೇ ಮಾಡ್ಬೇಕು ಅಂತಿದ್ದೆಯಲ್ಲ.”

“ಯಾವತ್ತು ಅಂದೆ?”

“ನೀನು ಬಾಗಿಲ ಕಡೆನೇ ನೋಡ್ತಾ ಸ್ನಾನ ಮಾಡ್ತಿದ್ದೆ. ನಂಗೆ ಗೊತ್ತಾಗಲ್ವಾ?”

“ಅದು ನಾಳೆಯಿಂದ. ಬಾ, ಕುರ್ಚಿಯಲ್ಲಿ ಕೂತ್ಕೋ. ಹಾಗಲ್ಲ, ಬ್ರೇಕ್ ಹಾಕು ಮೊದಲು. ಬ್ರೇಕ್ ಹಾಕದೆ ಎದ್ದರೆ ಮೂಗು ಒಡೀತದೆ, ನನ್ನದು ಎರಡು ಸಲ ಒಡೆದಿದೆ. ಈಗ ಎಡಗೈ ಚಾಚು.”

ಚಾಚಿದಳು. ಹಿಡಿ ಕೈಗೆ ಸಿಕ್ಕಿತು. ನಾನು ಬಗ್ಗಿ ಬಾಗಿಲೆಳೆದು, ಚಿಲಕ ಹಾಕಿದೆ.